ಪ್ರಾಯೋಪವೇಶವೂ ಸತ್ಯಾಗ್ರಹವೂ

(೧)

ಸತ್ಯಾಗ್ರಹವು ನಮ್ಮ ಪೂರ್ವಿಕರ ದರ್ಶನದಿಂದ ಹುಟ್ಟಿದ್ದೋ ಅಥವಾ ಪಾಶ್ಚಾತ್ಯರ ವಿಚಾರಗಳಿಂದ ಬಂದದ್ದೋ ಎಂಬ ವಿಷಯದಲ್ಲಿ ವಿದ್ವಾಂಸರು ಎರಡು ಪಕ್ಷಗಳಾಗಿ ನಿಂತಿರುವರು. ವಾಲ್ಮೀಕಿ ಪತಂಜಲಿಗಳು ಹೇಳಿದುದನ್ನೇ ಮಹಾತ್ಮಾ ಗಾಂಧಿಯವರು ಆಚರಿಸಿ ತೋರಿಸಿದರೆಂದು ಒಂದು ಪಕ್ಷದವರು ವಾದಿಸುವರು. ಟಾಲ್‌ಸ್ಟಾಯ್, ರಸ್ಕಿನ್ ಮೊದಲಾದವರ ಗ್ರಂಥಗಳಿಂದಲೇ ಈ ತತ್ತ್ವವು ಅವರಿಗೆ ದೊರೆಯಿತೆಂದೂ, ಶ್ಲೋಕಗಳನ್ನು ಅನಂತರ ಹುಡುಕಿ ಹೊಂದಿಸಿದುದಾಯಿತೆಂದೂ ಇನ್ನೊಂದು ಪಕ್ಷದವರು ಹೇಳುವರು. ಮೊದಲನೆಯ ಪಕ್ಷದವರು ಗ್ರಂಥಗಳನ್ನು ಹೊಗಳುವರೇ ಹೊರತು ಪರೀಕ್ಷಿಸರು. ಎರಡನೆಯ ಪಕ್ಷದವರಿಗೆ ಗ್ರಂಥಗಳನ್ನು ತೆರೆಯುವ ಶ್ರಮವೇ ಬೇಡವಾಗಿದೆ.

ನಾನೂ ಬಹುಕಾಲ ಮೊದಲನೆಯ ಪಕ್ಷದವನಾಗಿಯೇ ಇದ್ದೆನೆಂದು ಒಪ್ಪಿಕೊಳ್ಳಬೇಕು. ಪಾಠಶಾಲೆಯಲ್ಲಿ ಅಯೋಧ್ಯಾಕಾಂಡವನ್ನು ಹೇಳಿಕೊಡುವಾಗ, ಚಿತ್ರಕೂಟದಲ್ಲಿ ಭರತನು ದರ್ಭೆಯ ಮೇಲೆ ಕುಳಿತ ಪ್ರಸಂಗವು ಬಂದೊಡನೆ, "ಇದೇ ಭರತಖಂಡದ ಮೊದಲನೆಯ ಸತ್ಯಾಗ್ರಹ" ಎಂದು ವಿದ್ಯಾರ್ಥಿಗಳಿಗೆ ಹೇಳುವುದು ನನ್ನ ವಾಡಿಕೆಯಾಗಿತ್ತು. ಒಂದು ವರ್ಷ ಒಬ್ಬ ವಿದ್ಯಾರ್ಥಿಯು ಎದ್ದು ನಿಂತು, "ಗುರುಗಳೇ, ಅಲ್ಲಿ ಸತ್ಯವನ್ನು ಹಿಡಿದುಕೊಂಡವನು ರಾಮನಲ್ಲವೆ? ಭರತನು ಆ ಸತ್ಯವನ್ನು ಬಿಡಿಸಲೆಂದು ಕುಳಿತನಲ್ಲವೆ?" ಎಂದು ಕೇಳಿದನು. ಆ ದಿನ ನಾನು ಹೇಳಿದ ಉತ್ತರದಿಂದ ನನಗೇ ಸಮಾಧಾನವಾಗಲಿಲ್ಲ. ಈ ಲೇಖನವು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

(೨)

ಮೊದಲು ಶಬ್ದವಿಚಾರ. 'ಪ್ರಾಯ' ಎಂಬುದು 'ಪ್ರ' ಉಪಸರ್ಗದೊಡನೆ ಗತ್ಯರ್ಥಕ ಧಾತುವಿನಿಂದಾದ ಪದ. ಹೊರಟುಹೋಗುವುದು, ಅಂದರೆ ದೇಹವನ್ನು ಬಿಟ್ಟು ಹೋಗುವುದು, ಎಂದು ಇದರ ಅರ್ಥ. ಅದಕ್ಕಾಗಿ ಆಹಾರವನ್ನು ತೊರೆದು ಕುಳಿತುಕೊಳ್ಳುವುದೇ ಪ್ರಾಯೋಪವೇಶ. ನಮ್ಮ ಗ್ರಂಥಗಳಲ್ಲಿ ಇದು ಮೂರು ವಿಧವಾಗಿ ಕಾಣಬರುವುದು. ಮೋಕ್ಷಾರ್ಥವಾದುದು ಒಂದು, ಭಾಗವತದಲ್ಲಿ ಪರೀಕ್ಷಿದ್ರಾಜನು ಗಂಗಾತೀರದಲ್ಲಿ ಕುಳಿತದ್ದು ಈ ಬಗೆಯದು. ನೈರಾಶ್ಯದಿಂದಾದುದು ಎರಡನೆಯದು; ಸೀತೆಯನ್ನು ಕಾಣದೆ ಸುಗ್ರೀವನ ದಂಡನೆಗೆ ಹೆದರಿದ ಅಂಗದನೂ, ಗಂಧರ್ವರಿಗೆ ಸೆರೆಸಿಕ್ಕಿ ಪಾಂಡವರಿಂದ ಬಿಡುಗಡೆ ಹೊಂದಿದ ಅವಮಾನವನ್ನು ತಾಳಲಾರದ ದುರ್ಯೋಧನನೂ ಕುಳಿತದ್ದು ಹೀಗೆ. ಮತ್ತೊಬ್ಬನಿಗೆ ಎದುರಾಗಿ, ಅವನಿಂದ ಏನನ್ನಾದರೂ ಪಡೆಯಲು ಕುಳಿತುಕೊಳ್ಳುವುದು ಮೂರನೆಯದು. ಇದಕ್ಕೆ ರಾಮಾಯಣದಲ್ಲಿ 'ಪ್ರತ್ಯುಪವೇಶನ' ಎಂಬ ಪ್ರತ್ಯೇಕ ಹೆಸರಿದೆ. 'ಪ್ರಾಯ'ದ ದೃಷ್ಟಿಯು ಮರಣದ ಕಡೆಗೆ. 'ಪ್ರತಿ'ಯ ದೃಷ್ಟಿಯು ಎದುರಿನ ಮನುಷ್ಯನ ಕಡೆಗೆ. ಈ ಭೇದವನ್ನು ಮರೆತವರು ಶ್ರವಣಬೆಳಗೊಳದ ಸಲ್ಲೇಖನವನ್ನೂ ಸತ್ಯಾಗ್ರಹದ ಉಪವಾಸವನ್ನೂ ಒಂದೇ ಎಂದು ಭ್ರಮಿಸುವರು. ೯೮೨ರಲ್ಲಿ ರಾಷ್ಟ್ರಕೂಟರ ನಾಲ್ಮಡಿ ಇಂದ್ರನು ಅಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟಾಗ ಅವನ ಎದುರಿಗೆ ಯಾವ ಪ್ರತಿಪಕ್ಷಿಯೂ ಇರಲಿಲ್ಲ, ಯಾವ ಬೇಡಿಕೆಯೂ ಇರಲಿಲ್ಲ.

ಇನ್ನು 'ಸತ್ಯಾಗ್ರಹ' ಎಂಬ ಪದ. ೧೯೦೬ನೆಯ ಸೆಪ್ಟೆಂಬರ್ ೧೧ರಂದು ಜೋಹಾನ್ಸ್‌ಬರ್ಗಿನ ಸಭೆಯಲ್ಲಿ ಅಲ್ಲಿನ ಭಾರತೀಯರು ಅನ್ಯಾಯದ ಶಾಸನಕ್ಕೆ ತಲೆಬಾಗುವುದಿಲ್ಲವೆಂದು ಪ್ರತಿಜ್ಞೆ ಮಾಡಿದಾಗ ಈ ಪದವು ಇನ್ನೂ ಹುಟ್ಟಿರಲಿಲ್ಲ. 'ಇಂಡಿಯನ್ ಒಪಿನಿಯನ್' ಪತ್ರಿಕೆಯಲ್ಲಿ ಹೊಸ ಹೆಸರಿಗಾಗಿ ಬಹುಮಾನವನ್ನು ಸಾರಲಾಗಿ, ಮಗನಲಾಲ ಗಾಂಧಿಯವರು 'ಸದಾಗ್ರಹ' ಎಂಬುದನ್ನು ಸೂಚಿಸಿದರು. ಗಾಂಧಿಯವರು ಅದನ್ನು 'ಸತ್ಯಾಗ್ರಹ' ಎಂದು ತಿದ್ದಿದರು. ಈ ತಿದ್ದುಪಡಿಯು ಅಲ್ಪವಲ್ಲ. ಒಳ್ಳೆಯ ಕಾರ್ಯದಲ್ಲಿ ದೃಢತೆ ಎಂಬುದು ಸದಾಗ್ರಹ. ನನ್ನ ಕಾರ್ಯವು ಒಳ್ಳೆಯದೆಂದು ನಾನು ನಂಬಿದರೆ ಅದಕ್ಕೆ ಅಷ್ಟು ಸಾಕು. ಸತ್ಯವಾದರೋ ನನ್ನೊಬ್ಬನ ಸೊತ್ತಲ್ಲ. ಎದುರಿನವನಲ್ಲಿಯೂ ಅದರ ಅಂಶವಿರಬಹುದು. ಕನ್ನಡದಲ್ಲಿ 'ಆಗ್ರಹ'ವೆಂದರೆ ಸಿಟ್ಟು ಎಂಬ ಅರ್ಥವೂ ರೂಢಿಯಲ್ಲಿದೆ. ಹಿಡಿತವು ಎಷ್ಟು ಸುಲಭವಾಗಿ ಕೋಪವಾಗಿ ತಿರುಗಬಲ್ಲದೆಂಬುದನ್ನು ನಮ್ಮ ಭಾಷೆಯೇ ಎಚ್ಚರಿಸುತ್ತಿರುವಂತೆ ತೋರುವುದು.

(೩)

ಈಗ ಚಿತ್ರಕೂಟಕ್ಕೆ ಬರೋಣ. ಜಾಬಾಲಿಯ ವಾದವೂ ವಸಿಷ್ಠರ ಉಪದೇಶವೂ ರಾಮನನ್ನು ಕದಲಿಸದೆ ಹೋದ ಮೇಲೆ, ಭರತನು ನೆಲದ ಮೇಲೆ ದರ್ಭೆಯನ್ನು ಹಾಸೆಂದು ಸುಮಂತ್ರನಿಗೆ ಹೇಳುವನು. ಅಣ್ಣನು ಪ್ರಸನ್ನನಾಗುವವರೆಗೆ ಆಹಾರವಿಲ್ಲದೆ, ಧನವನ್ನು ಕಳೆದುಕೊಂಡ ಬ್ರಾಹ್ಮಣನಂತೆ ಪರ್ಣಶಾಲೆಯ ಮುಂದೆ ಬಿದ್ದಿರುವೆನೆನ್ನುವನು. ಸುಮಂತ್ರನು ರಾಮನ ಮುಖವನ್ನು ನೋಡುತ್ತ ಹಿಂಜರಿಯಲು, ಭರತನು ತಾನೇ ದರ್ಭೆಯನ್ನು ಹಾಸಿಕೊಳ್ಳುವನು. ಇಲ್ಲಿ ಕವಿಯು ಇಟ್ಟಿರುವ ಉಪಮಾನವನ್ನು ಗಮನಿಸಬೇಕು. ಸಾಲ ಕೊಟ್ಟು ಹಣ ಬಾರದವನು ಸಾಲಗಾರನ ಬಾಗಿಲಲ್ಲಿ ಮಲಗುವ ಪದ್ಧತಿಯನ್ನು ಅದು ನೆನಪಿಗೆ ತರುವುದು. ಭರತನು ಪ್ರೇಮದಿಂದ ಬಂದವನು. ಆದರೆ ಅವನು ತೊಟ್ಟ ವೇಷವು ಸಾಲಿಗನದು.

ರಾಮನ ಉತ್ತರದಲ್ಲಿ ಎರಡು ಮಾತುಗಳಿವೆ. ನಾನು ನಿನಗೆ ಏನು ಅಪರಾಧ ಮಾಡಿದೆನೆಂದು ನನಗೆ ಎದುರಾಗಿ ಕುಳಿತಿರುವೆ ಎಂಬುದು ಮೊದಲನೆಯದು. ಬ್ರಾಹ್ಮಣನು ಒಂದೇ ಪಕ್ಕದಲ್ಲಿ ಮಲಗಿ ಜನರನ್ನು ತಡೆಯಬಹುದು, ಪಟ್ಟಾಭಿಷಿಕ್ತರಾಗತಕ್ಕ ಕ್ಷತ್ರಿಯರಿಗೆ ಇಂತಹ ವಿಧಿಯಿಲ್ಲ ಎಂಬುದು ಎರಡನೆಯದು. ನಮ್ಮವರು ಎರಡನೆಯ ಮಾತನ್ನೇ ದೊಡ್ಡದಾಗಿ ಮಾಡಿ ವರ್ಣಧರ್ಮದ ಚರ್ಚೆಯಲ್ಲಿ ತೊಡಗುವರು. ನನ್ನ ಅಭಿಪ್ರಾಯದಲ್ಲಿ ಮೊದಲನೆಯದೇ ಮುಖ್ಯವಾದುದು. ಪ್ರತ್ಯುಪವೇಶನಕ್ಕೆ ಎದುರಿನವನಲ್ಲಿ ಒಂದು ತಪ್ಪಿರಬೇಕು. ಮಾತಿಗೆ ಕಟ್ಟುಬಿದ್ದವನನ್ನು ಮಾತಿನಿಂದ ಜಾರಿಸಲು ಅದನ್ನು ಉಪಯೋಗಿಸಿದರೆ, ಅದು ಸತ್ಯದ ಮೇಲೆಯೇ ಮಾಡುವ ಬಲಾತ್ಕಾರವಾಗುವುದು.

ಬಳಿಕ ಭರತನು ಪೌರಜಾನಪದರ ಕಡೆಗೆ ತಿರುಗಿ, ನೀವೇಕೆ ಆರ್ಯನಿಗೆ ಹೇಳುವುದಿಲ್ಲವೆಂದು ಕೇಳುವನು. ಅವರಿಗೆ ರಾಮನು ಹಿಂದಿರುಗಬೇಕೆಂಬ ಆಸೆಯು ಭರತನಿಗಿಂತ ಕಡಮೆಯಾಗಿರಲಿಲ್ಲ. ಆದರೂ, ರಾಘವನು ಹೇಳುವುದು ಯುಕ್ತವಾಗಿದೆ, ತಂದೆಯ ಮಾತಿನಲ್ಲಿ ನಿಂತವನನ್ನು ತಿರುಗಿಸಲು ನಾವು ಶಕ್ತರಲ್ಲವೆಂದು ಅವರು ನುಡಿಯುವರು. ತಮ್ಮ ಇಷ್ಟಕ್ಕೆ ವಿರುದ್ಧವಾಗಿ ಸತ್ಯವನ್ನು ಒಪ್ಪುವ ಈ ಜನರ ಸಾಕ್ಷ್ಯವನ್ನು ಕವಿಯು ಅಲ್ಲಿ ಸುಮ್ಮನೆ ಇಟ್ಟಿಲ್ಲ. ಅದನ್ನು ಕೇಳಿದ ಮೇಲೆ ರಾಮನು, ಎದ್ದು ನನ್ನನ್ನೂ ನೀರನ್ನೂ ಮುಟ್ಟು ಎನ್ನುವನು. ಉದಕಸ್ಪರ್ಶವನ್ನು, ತಪ್ಪಿ ನಡೆದುದಕ್ಕೆ ಪರಿಹಾರವೆಂದು ತಿಳಿಯಬಹುದು. ಭರತನು ಎದ್ದನು. ಎದ್ದುದೇ ಅವನ ಹಿರಿಮೆ.

ಆದರೆ ಪ್ರಸಂಗವು ಅಷ್ಟಕ್ಕೆ ಮುಗಿಯಲಿಲ್ಲ. ಭರತನು ಪಾದುಕೆಗಳನ್ನು ಬೇಡಿ ಪಡೆದು, ನಾರುಡೆಯುಟ್ಟು ಜಟೆ ಧರಿಸಿ, ಫಲಮೂಲಗಳನ್ನು ತಿನ್ನುತ್ತ ಹದಿನಾಲ್ಕು ವರ್ಷ ನಗರದ ಹೊರಗಿರುವೆನೆಂದೂ, ಅವಧಿ ತುಂಬಿದ ದಿನ ಅಣ್ಣನನ್ನು ಕಾಣದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದೂ ಪ್ರತಿಜ್ಞೆ ಮಾಡುವನು. ರಾಮನ ಸತ್ಯವು ಮುರಿಯಲಿಲ್ಲ. ಕೈಕೇಯಿಯು ಗಳಿಸಿದ ರಾಜ್ಯವನ್ನು ತನ್ನದೆಂದು ಭೋಗಿಸಲಾರೆನೆಂಬ ಭರತನ ಸತ್ಯವೂ ಮುರಿಯಲಿಲ್ಲ. ನಾನು ಹಿಂದೆ ದರ್ಭಾಸನವನ್ನು ಸತ್ಯಾಗ್ರಹವೆಂದು ತೋರಿಸುತ್ತಿದ್ದೆನು. ಈಗ ಹೇಳಬೇಕಾದುದೇನೆಂದರೆ, ಸತ್ಯಾಗ್ರಹಕ್ಕೆ ಸಮೀಪವಾದುದು ನಂದಿಗ್ರಾಮ, ದರ್ಭಾಸನವಲ್ಲ. ದರ್ಭೆಯ ಮೇಲೆ ಭರತನು ತನ್ನ ಕಷ್ಟವನ್ನು ರಾಮನ ಮೇಲೆ ಹೊರಿಸಿದನು. ನಂದಿಗ್ರಾಮದಲ್ಲಿ ರಾಮನ ಕಷ್ಟವನ್ನು ತಾನು ಹೊತ್ತುಕೊಂಡನು.

(೪)

ಇದಕ್ಕೆ ಒಂದು ಆಕ್ಷೇಪವುಂಟು. ಕ್ಷತ್ರಿಯನಿಗೆ ಈ ವಿಧಿಯಿಲ್ಲವೆಂದ ರಾಮನೇ ಯುದ್ಧಕಾಂಡದಲ್ಲಿ ತೋಳನ್ನು ತಲೆದಿಂಬಾಗಿಸಿಕೊಂಡು ಮೂರು ರಾತ್ರಿ ಸಮುದ್ರದ ಮುಂದೆ ದರ್ಭೆಯ ಮೇಲೆ ಮಲಗಲಿಲ್ಲವೆ? ಮಲಗಿದನು. ಸಮುದ್ರನು ಕಾಣಿಸಿಕೊಳ್ಳದೆ ಇರಲು ಕೋಪಗೊಂಡು, ಶಮ, ಕ್ಷಮೆ, ಮೃದುವಚನಗಳು ಗುಣಹೀನರ ಮುಂದೆ ಅಸಾಮರ್ಥ್ಯವಾಗಿ ತೋರುವುವೆಂದು ಲಕ್ಷ್ಮಣನಿಗೆ ಹೇಳಿ ಬಿಲ್ಲನ್ನೂ ಹಿಡಿದನು. ಅಹಿಂಸೆಯು ನಮ್ಮ ಪ್ರಾಚೀನರ ಏಕಮಾತ್ರ ಮಾರ್ಗವಾಗಿತ್ತೆಂದು ಹೇಳುವವರು ಈ ಸರ್ಗವನ್ನು ಮರೆಮಾಚಬಾರದು. ಮೃದುತ್ವವು ಫಲಿಸದಿದ್ದರೆ ಶಸ್ತ್ರವನ್ನು ಹಿಡಿಯಬಹುದೆಂಬುದು ಇತಿಹಾಸಗ್ರಂಥಗಳ ಸಾಮಾನ್ಯ ಮತ.

ಆದರೂ ಸಮುದ್ರನು ಎದ್ದು ಬಂದು ಆಡಿದ ಮಾತು ವಿಚಾರಾರ್ಹವಾದುದು. ಆಳವಾಗಿರುವುದೂ ದಾಟಲಶಕ್ಯವಾಗಿರುವುದೂ ನನ್ನ ಸ್ವಭಾವ, ಅದನ್ನು ಬಿಡಲಾರೆನೆಂದು ಅವನು ಹೇಳುವನು. ನಳನು ಸೇತುವೆಯನ್ನು ಕಟ್ಟಲಿ, ಅದನ್ನು ಧರಿಸುವೆನೆಂದು ಒಪ್ಪುವನು. ಅಲ್ಲಿ ಪಾದುಕೆ, ಇಲ್ಲಿ ಸೇತು. ಎರಡೂ ಕಡೆಗಳಲ್ಲಿ ಎದುರಿನವನ ಧರ್ಮವನ್ನು ಕೆಡಿಸದ ಮೂರನೆಯ ದಾರಿಯೊಂದು ದೊರೆಯುವುದು. ಭೇದವೇನೆಂದರೆ, ಚಿತ್ರಕೂಟದಲ್ಲಿ ಆ ದಾರಿಯು ಯಾರಿಗೂ ನೋವಾಗದೆ ದೊರೆಯಿತು; ಕಡಲತೀರದಲ್ಲಿ ಬಾಣಗಳಿಂದ ಜಲಚರಗಳು ನರಳಿದುವು, ಹೂಡಿದ ಅಸ್ತ್ರವು ವ್ಯರ್ಥವಾಗಬಾರದೆಂದು ದ್ರುಮಕುಲ್ಯವೆಂಬ ಪ್ರದೇಶದ ಮೇಲೆ ಅದು ಬಿದ್ದಿತು. ಹಿಂಸೆಯಿಂದ ಪಡೆದ ಫಲದ ಬೆಲೆಯನ್ನು ಸಂಬಂಧವಿಲ್ಲದವರು ತೆರಬೇಕಾಗುವುದೆಂಬುದನ್ನು ಆದಿಕವಿಯು ಬಚ್ಚಿಟ್ಟಿಲ್ಲ.

(೫)

ಕಾವ್ಯದಿಂದ ವ್ಯವಹಾರಕ್ಕೆ ಬಂದರೆ ಪ್ರತ್ಯುಪವೇಶನದ ಎರಡು ಮುಖಗಳೂ ಇನ್ನೂ ಸ್ಪಷ್ಟವಾಗುವುವು. ಸಾಲವನ್ನು ವಸೂಲು ಮಾಡುವ ಐದು ಉಪಾಯಗಳನ್ನು ಮನುವು ಎಂಟನೆಯ ಅಧ್ಯಾಯದಲ್ಲಿ ಹೇಳಿರುವನು: ಧರ್ಮ, ವ್ಯವಹಾರ, ಛಲ, ಆಚರಿತ, ಬಲ. ಇವುಗಳಲ್ಲಿ 'ಆಚರಿತ'ವೆಂಬುದನ್ನು ವಿವರಿಸುವಾಗ ಕುಲ್ಲೂಕಭಟ್ಟನು ಬೃಹಸ್ಪತಿಯ ವಚನವನ್ನು ಎತ್ತಿಕೊಳ್ಳುವನು. ಅದರಲ್ಲಿ ಬಾಗಿಲಲ್ಲಿ ಕುಳಿತುಕೊಳ್ಳುವುದರ ಜೊತೆಯಲ್ಲಿಯೇ ಸಾಲಗಾರನ ಹೆಂಡತಿ, ಮಕ್ಕಳು, ಪಶುಗಳನ್ನು ಪೀಡಿಸುವುದೂ ಎಣಿಕೆಯಾಗಿದೆ! ಶಸ್ತ್ರವಿಲ್ಲದಿರುವುದೊಂದರಿಂದಲೇ ಒಂದು ಕ್ರಿಯೆಯು ಅಹಿಂಸೆಯಾಗದೆಂಬುದಕ್ಕೆ ಬೇರೆ ಪ್ರಮಾಣವೇಕೆ?

ಹನ್ನೆರಡನೆಯ ಶತಮಾನದ ನಡುವಿನಲ್ಲಿ ರಾಜತರಂಗಿಣಿಯನ್ನು ಬರೆದ ಕಲ್ಹಣನು ಈ ವಿಷಯದಲ್ಲಿ ನಿಷ್ಪಕ್ಷಪಾತಿಯಾದ ಸಾಕ್ಷಿ. ಯಶಸ್ಕರನ ಆಳ್ವಿಕೆಯಲ್ಲಿ ಪ್ರಾಯೋಪವೇಶಗಳನ್ನು ವಿಚಾರಿಸಿ ರಾಜನಿಗೆ ತಿಳಿಸುವ ಅಧಿಕಾರಿಗಳೇ ಇದ್ದರೆಂದು ಅವನಿಂದ ತಿಳಿಯುವುದು. ಬಡತನದಿಂದ ಮನೆಯನ್ನು ಮಾರಿ, ಮೆಟ್ಟಿಲುಗಳುಳ್ಳ ಬಾವಿಯೊಂದನ್ನು ಮಾತ್ರ ಹೆಂಡತಿಯ ಜೀವನಕ್ಕಾಗಿ ಉಳಿಸಿ ಪರದೇಶಕ್ಕೆ ಹೋದವನೊಬ್ಬನು, ಇಪ್ಪತ್ತು ವರ್ಷಗಳ ಮೇಲೆ ಹಿಂದಿರುಗಿ ನೋಡಲು, ಕೊಂಡ ವರ್ತಕನು ಬಾವಿಯನ್ನೂ ನುಂಗಿದ್ದನು. ನ್ಯಾಯಸ್ಥಾನಗಳಲ್ಲಿ ಸೋತು ಅವನು ಪ್ರಾಯಕ್ಕೆ ಕುಳಿತನು. ರಾಜನು ಕ್ರಯಪತ್ರವನ್ನು ತರಿಸಿ ನೋಡಿ, 'ಬಾವಿರಹಿತ'ವೆಂಬರ್ಥದ ಪದದಲ್ಲಿ ಒಂದೇ ಅಕ್ಷರವನ್ನು ತಿದ್ದಿ, ರಕಾರಕ್ಕೆ ಬದಲಾಗಿ ಸಕಾರವನ್ನಿಟ್ಟು, 'ಸಹಿತ'ವೆಂದು ಮಾಡಿದ್ದ ಮೋಸವನ್ನು ಪತ್ತೆಮಾಡಿದನು. ಎಲ್ಲ ಬಾಗಿಲುಗಳೂ ಮುಚ್ಚಿದ ದುರ್ಬಲನಿಗೆ ಉಳಿದ ಕಡೆಯ ಬಾಗಿಲು ಅದಾಗಿತ್ತು. ಮತ್ತು ಅವನು ಕೇಳಿದುದು ವಿಚಾರಣೆಯನ್ನು ಮಾತ್ರ.

ಅದೇ ಕಲ್ಹಣನು ದಿದ್ದಾರಾಣಿಯ ಕಾಲದಲ್ಲಿ ಅವಳ ಸೋದರನ ಮಗನಾದ ವಿಗ್ರಹರಾಜನು ತುಂಗನೆಂಬ ಮಂತ್ರಿಯನ್ನು ಕೆಡವಲು ಬ್ರಾಹ್ಮಣರನ್ನು ಪ್ರಾಯಕ್ಕೆ ಕೂಡಿಸಿದುದನ್ನೂ, ರಾಣಿಯು ಅವರ ಮುಖಂಡರಿಗೆ ಚಿನ್ನವನ್ನು ಕೊಡಲು ಉಪವಾಸವು ನಿಂತುಹೋದುದನ್ನೂ ಬರೆಯುವನು. ಚಿನ್ನದಿಂದ ನಿಲ್ಲುವ ಉಪವಾಸವು ಸತ್ಯಕ್ಕಾಗಿ ಆರಂಭವಾದುದಲ್ಲ.

ಹೀಗೆ ಸಂಪ್ರದಾಯವು ಮಿಶ್ರವಾದುದು. ೧೮೧೦–೧೧ರಲ್ಲಿ ಕಾಶಿಯ ಜನರು ಮನೆತೆರಿಗೆಗೆ ವಿರೋಧವಾಗಿ ಅಂಗಡಿಗಳನ್ನು ಮುಚ್ಚಿ, ಮನೆಗಳನ್ನು ಬಿಟ್ಟು ಬಯಲಿನಲ್ಲಿ ಸೇರಿ ಕುಳಿತು ಆ ತೆರಿಗೆಯನ್ನು ಹಿಂದೆಗೆಯಿಸಿದುದು ಅದರ ಉಜ್ಜ್ವಲವಾದ ಮುಖ. ಧರ್ಮಪಾಲರು ೧೯೭೧ರ ತಮ್ಮ ಗ್ರಂಥದಲ್ಲಿ ಇದರ ದಾಖಲೆಗಳನ್ನು ಪ್ರಕಟಿಸಿರುವರು. ೧೮೬೦ರ ದಂಡಸಂಹಿತೆಯ ೫೦೮ನೆಯ ವಿಧಿಯು ದೈವಕೋಪದ ಭಯವನ್ನು ಹುಟ್ಟಿಸಲೆಂದು ಬಾಗಿಲಲ್ಲಿ ಧರಣಿ ಕೂರುವವನನ್ನೇ ಅಪರಾಧಿಯ ಉದಾಹರಣೆಯಾಗಿ ಕೊಟ್ಟದ್ದು ಅದರ ಮತ್ತೊಂದು ಮುಖ.

(೬)

ಹಾಗಾದರೆ ಸತ್ಯಾಗ್ರಹದ ತಾತ್ತ್ವಿಕ ಮೂಲವೆಲ್ಲಿ? ಪ್ರಾಯೋಪವೇಶವು ಅದಕ್ಕೆ ದೇಹವನ್ನು ಕೊಟ್ಟಿತೆನ್ನಬಹುದು. ಪ್ರಾಣವನ್ನು ಯೋಗದರ್ಶನದಲ್ಲಿ ಹುಡುಕಬೇಕು. ಯಮಗಳಲ್ಲಿ ಅಹಿಂಸೆಯನ್ನು ಪತಂಜಲಿಯು ಮೊದಲಿಗಿಟ್ಟಿರುವನು. ಉಳಿದವುಗಳಿಗೆಲ್ಲ ಅಹಿಂಸೆಯೇ ಮೂಲವೆಂದು ಭಾಷ್ಯಕಾರನು ಹೇಳಿ, ಪ್ರಾಣಿಗಳಿಗೆ ಅಪಕಾರವಾಗುವಂತೆ ಆಡಿದ ಮಾತು ನಿಜವಾದರೂ ಸತ್ಯವಾಗದೆಂದು ನಿರ್ಣಯಿಸಿರುವನು. ಜಾತಿ, ದೇಶ, ಕಾಲ, ಸಮಯಗಳಿಂದ ಸೀಮಿತವಾಗದ ಯಮಗಳಿಗೆ 'ಮಹಾವ್ರತ'ವೆಂದು ಹೆಸರು. ಮೀನುಗಳ ಹೊರತು ಬೇರೆಯವನ್ನು ಕೊಲ್ಲೆನೆಂಬ ಬೆಸ್ತನ ಅಹಿಂಸೆಯೂ, ಯುದ್ಧದಲ್ಲಲ್ಲದೆ ಕೊಲ್ಲೆನೆಂಬ ಕ್ಷತ್ರಿಯನ ಅಹಿಂಸೆಯೂ ಸೀಮಿತವಾದುವು. ಭಾಷ್ಯವು ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು. ಅಹಿಂಸೆಯಲ್ಲಿ ನೆಲೆನಿಂತವನ ಸನ್ನಿಧಿಯಲ್ಲಿ ವೈರವು ಅಡಗುವುದೆಂಬ ಸೂತ್ರವೂ ಅಲ್ಲಿಯದೇ. ನಮ್ಮ ಹಳ್ಳಿಯ ಹೆಂಗಸರಿಗೂ ಮಕ್ಕಳಿಗೂ ಈ ಸೂತ್ರದ ಭಾಷ್ಯವನ್ನು ಗೋವಿನ ಹಾಡಿನ ಪುಣ್ಯಕೋಟಿಯು ಬೋಧಿಸಿರುವಳು. ಕೊಟ್ಟ ಮಾತಿಗೆ ತಪ್ಪದೆ ಅವಳು ಮರಳಿದುದನ್ನು ಕಂಡು ಹುಲಿಯ ಮನಸ್ಸೇ ತಿರುಗಿತು.

ಆದರೆ ಯೋಗಿಯ ಮಹಾವ್ರತವು ತನ್ನ ಚಿತ್ತಶುದ್ಧಿಗಾಗಿ. ಅನ್ಯಾಯವನ್ನು ಎದುರಿಸುವುದು ಅದರ ಉದ್ದೇಶವಲ್ಲ. ಎದುರಿಸುವಿಕೆಯನ್ನೂ ನಿರ್ವೈರವನ್ನೂ ಒಟ್ಟಿಗೆ ತೋರಿಸಿದವನು ಪ್ರಹ್ಲಾದ. ಗಾಂಧಿಯವರು ಅವನನ್ನು ಸತ್ಯಾಗ್ರಹಿಗಳಿಗೆ ಆದರ್ಶವೆಂದು ಭಾವಿಸಿದುದು ಯುಕ್ತವೇ. ತಂದೆಯೂ ದೊರೆಯೂ ಆದವನ ಆಜ್ಞೆಯನ್ನು ಅವನು ಮೀರಿದನು. ಕೈಯನ್ನು ಮಾತ್ರ ಎತ್ತಲಿಲ್ಲ. ವಿಷ್ಣುಪುರಾಣದಲ್ಲಿ, ಅವನನ್ನು ಕೊಲ್ಲಲು ಪುರೋಹಿತರು ಎಬ್ಬಿಸಿದ ಕೃತ್ಯೆಯು ತಿರುಗಿ ಅವರನ್ನೇ ಸುಟ್ಟಾಗ, ಅವರು ಬದುಕಲೆಂದು ಪ್ರಾರ್ಥಿಸಿದವನು ಪ್ರಹ್ಲಾದನೇ. ಭಾಗವತದಲ್ಲಿ ವರವನ್ನು ಬೇಡೆಂದಾಗ ತಂದೆಯ ಪಾಪವು ಪರಿಹಾರವಾಗಲೆಂದು ಬೇಡಿದನು. ಪ್ರತಿಪಕ್ಷಿಯ ರಕ್ಷಣೆಯೇ ತನ್ನ ಹೊಣೆಯೆಂಬ ಭಾವವು ಇಲ್ಲಿಯಷ್ಟು ಸ್ಪಷ್ಟವಾಗಿ ಬೇರೆಡೆ ಕಾಣದು. ಕಥೆಯ ಕೊನೆಯಲ್ಲಿ ನರಸಿಂಹನ ಉಗುರುಗಳಿವೆಯಲ್ಲ ಎಂದರೆ, ಇವೆ; ಪುರಾಣವು ಪ್ರಹ್ಲಾದನ ಕೈಯನ್ನು ಶುದ್ಧವಾಗಿಟ್ಟು ಹಿಂಸೆಯನ್ನು ದೇವರಿಗೆ ಬಿಟ್ಟಿತು. ಗಾಂಧಿಯವರು ಆ ಭಾಗವನ್ನೂ ಬಿಟ್ಟರು. ಇದು ಅನುಸರಣವಲ್ಲ, ವಿಮರ್ಶೆ. ಗೀತೆಯ ವಿಷಯದಲ್ಲಿಯೂ ಹಾಗೆಯೇ. ೧೯೨೯ರ ತಮ್ಮ 'ಅನಾಸಕ್ತಿಯೋಗ'ದ ಪ್ರಸ್ತಾವನೆಯಲ್ಲಿ, ಅಕ್ಷರಾರ್ಥದಂತೆ ಯುದ್ಧವೂ ಫಲತ್ಯಾಗವೂ ಕೂಡಿರಬಲ್ಲುವೆಂದು ಒಪ್ಪಿಕೊಂಡೇ, ಪೂರ್ಣವಾದ ಫಲತ್ಯಾಗವು ಅಹಿಂಸೆಯಿಲ್ಲದೆ ಅಸಾಧ್ಯವೆಂದು ತಮ್ಮ ದೀರ್ಘಾನುಭವದಿಂದ ಅವರು ಹೇಳಿರುವರು. ಶಾಸ್ತ್ರವನ್ನು ಅನುಭವದಿಂದ ಶೋಧಿಸುವ ಈ ಕ್ರಮದಲ್ಲಿ ಜೈನಸಾಧಕರಾದ ರಾಯಚಂದಭಾಯಿಯವರ ಸಂಗವೂ, ಟಾಲ್‌ಸ್ಟಾಯ್ ರಸ್ಕಿನ್ನರ ಗ್ರಂಥಗಳೂ ಅವರಿಗೆ ನೆರವಾದುವು. ನೆರವನ್ನು ಒಪ್ಪಿದರೆ ಮೂಲಕ್ಕೆ ಕುಂದಿಲ್ಲ.

(೭)

ಇಲ್ಲಿ ಪರೀಕ್ಷೆಗೆ ಒಡ್ಡಬೇಕಾದುದು ಗಾಂಧಿಯವರ ಉಪವಾಸಗಳು. ೧೯೧೮ರ ಮಾರ್ಚಿಯಲ್ಲಿ ಅಹಮದಾಬಾದಿನ ಗಿರಣಿ ಕೂಲಿಗಾರರು ನೂರಕ್ಕೆ ಮೂವತ್ತೈದರ ಹೆಚ್ಚಳವನ್ನು ಕೇಳಿ ಹೂಡಿದ ಮುಷ್ಕರವು ಸಡಿಲವಾಗತೊಡಗಿದಾಗ ಅವರು ಉಪವಾಸವನ್ನು ಕೈಗೊಂಡರು. ಕೂಲಿಗಾರರ ಪ್ರತಿಜ್ಞೆಯನ್ನು ಉಳಿಸುವುದು ಉದ್ದೇಶ. ಆದರೆ ಸ್ನೇಹಿತರಾಗಿದ್ದ ಗಿರಣಿಯ ಒಡೆಯರ ಮೇಲೆ ಅದರ ಒತ್ತಡವು ಬೀಳದೆ ಇರಲಿಲ್ಲ. ಈ ದೋಷವನ್ನು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿರುವರು. ಮಧ್ಯಸ್ಥರಾದ ಆನಂದಶಂಕರ ಧ್ರುವರು ಕೊನೆಗೆ ಮೂವತ್ತೈದನ್ನೇ ತೀರ್ಮಾನಿಸಿದರೂ, ಫಲವು ಬಂದಿತೆಂದು ದೋಷವು ಹೋಗದು. ೧೯೩೯ರ ರಾಜಕೋಟೆಯ ಉಪವಾಸದಲ್ಲಿ ಅವರು ವೈಸರಾಯರ ಮಧ್ಯಪ್ರವೇಶವನ್ನು ಬಯಸಿದರು; ತೀರ್ಪು ತಮ್ಮ ಪಕ್ಷಕ್ಕೆ ಬಂದ ಮೇಲೂ, ಇದರಲ್ಲಿ ಬಲಾತ್ಕಾರವು ಬೆರೆತಿತೆಂದು ಸಾರಿ ಆ ತೀರ್ಪಿನ ಪ್ರಯೋಜನವನ್ನೇ ಬಿಟ್ಟುಕೊಟ್ಟರು. ಭರತನು ದರ್ಭೆಯಿಂದ ಎದ್ದು ನೀರನ್ನು ಮುಟ್ಟಿದುದು ಇಲ್ಲಿ ನನ್ನ ಕಣ್ಣಿಗೆ ಕಟ್ಟುವುದು.

೧೯೩೨ನೆಯ ಸೆಪ್ಟೆಂಬರ್ ೨೦ರಂದು ಯೆರವಡಾ ಸೆರೆಮನೆಯಲ್ಲಿ ಆರಂಭವಾದ ಉಪವಾಸದ ಮಾತೇ ಬೇರೆ. ನಾಲ್ಕು ದಿನಗಳ ಮೇಲೆ ಪುಣೆಯ ಒಪ್ಪಂದವಾಯಿತು. ಅಸ್ಪೃಶ್ಯರೆನಿಸಿಕೊಂಡವರಿಗೆ ದೊರೆತಿದ್ದ ಪ್ರತ್ಯೇಕ ಮತದಾನದ ಹಕ್ಕನ್ನು ಬಿಡಬೇಕಾಗಿ ಬಂದ ಡಾಕ್ಟರ್ ಅಂಬೇಡ್ಕರರು ಇದನ್ನು ಬಲಾತ್ಕಾರವೆಂದೇ ಬಗೆದರು; ಮುಂದೆ ೧೯೪೫ರ ತಮ್ಮ ಗ್ರಂಥದಲ್ಲಿ ಕಟುವಾಗಿಯೇ ಖಂಡಿಸಿದರು. ಹಿಂದೂ ಸಮಾಜದ ಆತ್ಮಶುದ್ಧಿಗಾಗಿ ಆ ಉಪವಾಸವೆಂದು ಗಾಂಧಿಯವರ ನಂಬಿಕೆ. ಅದು ಪ್ರಾಮಾಣಿಕವೆಂದು ಒಪ್ಪಿದರೂ, ರಾಮನ ಮೊದಲನೆಯ ಪ್ರಶ್ನೆಯನ್ನು, ನಾನು ಏನು ಅಪರಾಧ ಮಾಡಿದೆನೆಂಬುದನ್ನು, ಕೇಳುವ ಹಕ್ಕು ಅಂಬೇಡ್ಕರರಿಗಿತ್ತು. ಸಾಯಲು ಹೊರಟವನ ಪ್ರಾಣದ ಹೊಣೆಯನ್ನು, ತಲೆತಲಾಂತರದಿಂದ ನೊಂದವರ ತಲೆಯ ಮೇಲೆ ಹೊರಿಸಿದುದು ಉಪವಾಸದ ಉದ್ದೇಶವಲ್ಲದಿದ್ದರೂ ಅದರ ಪರಿಣಾಮವಾಯಿತು. ನಮ್ಮ ಪಂಡಿತವರ್ಗವು ಈ ಪ್ರಸಂಗವನ್ನು ಮೌನದಿಂದ ದಾಟುವುದು ಉಚಿತವಲ್ಲ. ೧೯೨೭ರ ಮಹಾಡದಲ್ಲಿಯೂ ೧೯೩೦ರ ನಾಸಿಕದ ಕಾಳಾರಾಮ ದೇವಾಲಯದ ಮುಂದೆಯೂ ಅಂಬೇಡ್ಕರರ ಅನುಯಾಯಿಗಳು ಸತ್ಯಾಗ್ರಹ ಮಾಡಿದಾಗ ಅವರು ಕೇಳಿದುದು ನೀರನ್ನೂ ದೇವರ ದರ್ಶನವನ್ನೂ. ಅಲ್ಲಿ ಎದುರಿನವರಲ್ಲಿ ತಪ್ಪಿತ್ತು; ನೋವು ಕುಳಿತವರದಾಗಿತ್ತು. ರಾಮನ ಎರಡನೆಯ ಮಾತಿನ ವರ್ಣನಿಯಮವನ್ನು ಅವರು ಮೀರಿದರು. ಮೊದಲನೆಯ ಮಾತಿನ ಧರ್ಮವನ್ನು ಪಾಲಿಸಿದರು.

(೮)

ಈ ವಿಚಾರಣೆಯಿಂದ ಸಿದ್ಧವಾಗುವುದನ್ನು ಸಂಗ್ರಹಿಸಿ ಹೇಳುವೆನು. ಶಸ್ತ್ರವಿಲ್ಲದ ಪ್ರತಿಭಟನೆಯ ರೂಪವು ನಮ್ಮಲ್ಲಿ ಪ್ರಾಚೀನವಾದುದು. ಆದರೆ ಆ ರೂಪವು ಧರ್ಮಕ್ಕೂ ಲೋಭಕ್ಕೂ ಸಮಾನವಾಗಿ ಒದಗಿಬಂದಿದೆ. ನಿರ್ವೈರದ ತತ್ತ್ವವೂ ಪ್ರಾಚೀನವಾದುದು. ಆದರೆ ಅದು ಬಹುಮಟ್ಟಿಗೆ ಯೋಗಿಯ ಗುಹೆಯಲ್ಲಿ ಉಳಿದಿತ್ತು. ಇವೆರಡನ್ನೂ ಕೂಡಿಸಿ ಸಾಮಾನ್ಯ ಜನರ ಸಾಧನವನ್ನಾಗಿ ಮಾಡಿದುದು ಹೊಸದು. ೧೯೩೦ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪನ್ನು ಮಾಡಿದ ನಮ್ಮ ಜನರಲ್ಲಿ ಯೋಗಸೂತ್ರವನ್ನು ಓದಿದವರು ಎಷ್ಟು ಮಂದಿ? ಆದರೂ ಮಹಾವ್ರತದ ಒಂದು ಕಣವು ಅವರ ಕೈಗಳಲ್ಲಿತ್ತು. ಆದುದರಿಂದ, ಎಲ್ಲವೂ ನಮ್ಮ ಹಳೆಯ ಗ್ರಂಥಗಳಲ್ಲಿದೆಯೆಂದು ಬೀಗುವುದೂ ತಪ್ಪು, ಏನೂ ಇಲ್ಲವೆಂದು ಕೈಬಿಡುವುದೂ ತಪ್ಪು.

ಅಧ್ಯಾಪಕರಾದವರು ಚಿತ್ರಕೂಟದ ಸರ್ಗವನ್ನು ಪಾಠ ಹೇಳುವಾಗ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮುಂದಿಡಬಹುದೆಂದು ನನ್ನ ವಿಜ್ಞಾಪನೆ. ಎದುರಿನವನಲ್ಲಿ ನಿಜವಾಗಿ ತಪ್ಪಿದೆಯೆ? ಕಷ್ಟವನ್ನು ಕಡೆಗೆ ಹೊರುವವರು ಯಾರು? ಎರಡು ಕಡೆಯ ಸತ್ಯವೂ ಉಳಿಯುವ ಪಾದುಕೆಯೊಂದು ದೊರೆಯಬಲ್ಲದೆ? ಇವಕ್ಕೆ ಉತ್ತರವನ್ನು ಕೊಡಲಾರದ ಉಪವಾಸವು ಹಸಿವು ಮಾತ್ರ.

ಆ ವಿದ್ಯಾರ್ಥಿಯು ಈಗ ಎಲ್ಲಿರುವನೋ ನಾನರಿಯೆ. ಅವನ ಪ್ರಶ್ನೆಯು ನನ್ನನ್ನು ದರ್ಭೆಯ ಮೇಲಿನಿಂದ ಎಬ್ಬಿಸಿತು. ತಿಳಿದವರು ಈ ಲೇಖನದಲ್ಲಿರಬಹುದಾದ ತಪ್ಪುಗಳನ್ನು ತೋರಿಸಿಕೊಟ್ಟರೆ ಕೃತಜ್ಞನಾಗುವೆನು.